ಹಂಚಲೆಂದು ಮಾಡುವ ಶಾರ್ಟ್‌ಬ್ರೆಡ್: ಓದುಗರ ಪ್ರಶ್ನೆಗಳು, ಉತ್ತರಗಳು

ಚಾಕೊಲೇಟ್, ಕ್ಯಾರಮೆಲ್ ಮತ್ತು ಬಾದಾಮಿ, ಅಕ್ರೋಟಿನಂತಹ ಬೀಜಗಳನ್ನು ಸೇರಿಸಿ ಮಾಡುವ ಶಾರ್ಟ್‌ಬ್ರೆಡ್ ಕುಕಿಗಳ ಬಗ್ಗೆ ಬಂದಿರುವ ಪತ್ರಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಬರೆದವರಲ್ಲಿ ಹೆಚ್ಚಿನವರು ಇದನ್ನು ಬೇರೆಯವರಿಗೆ ಹಂಚಲೆಂದು ಮಾಡುವವರು. ಮಾಡಿದ ದಿನವೇ ಮನೆಯಲ್ಲಿ ತಿಂದು ಮುಗಿಸುವ ತಿನಿಸಿಗೂ, ಡಬ್ಬಿಯಲ್ಲಿ ಕುಳಿತು, ಕೈಯಿಂದ ಕೈಗೆ ದಾಟಿ, ಮೂರನೆಯ ದಿನ ಯಾರದೋ ಬಾಯಿಗೆ ಸೇರುವ ತಿನಿಸಿಗೂ ಹದ ಒಂದೇ ಆಗಿರುವುದಿಲ್ಲವಾದ್ದರಿಂದ, ಉತ್ತರಗಳನ್ನೂ ಆ ದೃಷ್ಟಿಯಿಂದಲೇ ಬರೆದಿದ್ದೇನೆ.

ಎಲ್ಲ ಉತ್ತರಗಳಿಗೂ ಆಧಾರವಾಗಿ ಒಂದು ಅಳತೆ ಇರಲಿ. 20 ಸೆಂಟಿಮೀಟರ್ ಚೌಕದ ಒಂದು ಟ್ರೇಗೆ 225 ಗ್ರಾಂ ಮೈದಾ, 150 ಗ್ರಾಂ ಬೆಣ್ಣೆ ಮತ್ತು 75 ಗ್ರಾಂ ಸಕ್ಕರೆ. ಇದು ತಳದ ಪದರ. ಅದರ ಮೇಲಿನ ಕ್ಯಾರಮೆಲ್‌ಗೆ ಸುಮಾರು 400 ಗ್ರಾಂ ಸಿಹಿ ಕಂಡೆನ್ಸ್ಡ್ ಮಿಲ್ಕ್, 100 ಗ್ರಾಂ ಬೆಣ್ಣೆ, 100 ಗ್ರಾಂ ಕಂದು ಸಕ್ಕರೆ, ಎರಡು ದೊಡ್ಡ ಚಮಚ ಲಿಕ್ವಿಡ್ ಗ್ಲೂಕೋಸ್ ಮತ್ತು ಅರ್ಧ ಚಿಕ್ಕ ಚಮಚ ಉಪ್ಪು. ಇವುಗಳ ಜೊತೆಗೆ ಹುರಿದ ಬೀಜಗಳು 100 ಗ್ರಾಂ, ಕಪ್ಪು ಚಾಕೊಲೇಟ್ 180 ಗ್ರಾಂ. ಕಪ್ಪಿನಲ್ಲಿ ಅಳೆಯುವುದಕ್ಕಿಂತ ತೂಕ ಹಾಕುವುದು ಒಳ್ಳೆಯದು, ಏಕೆಂದರೆ ಮೈದಾವನ್ನು ಒತ್ತಿ ತುಂಬಿದರೆ ಒಂದು ತೂಕ, ಸಡಿಲವಾಗಿ ತುಂಬಿದರೆ ಇನ್ನೊಂದು ತೂಕ ಬರುತ್ತದೆ. ಈ ತಿನಿಸು ಆ ವ್ಯತ್ಯಾಸವನ್ನು ಸಹಿಸುವುದಿಲ್ಲ.

ಪ್ರಶ್ನೆ: ನಾನು ಮಾಡುವ ಶಾರ್ಟ್‌ಬ್ರೆಡ್ ಬಾಯಲ್ಲಿ ಕರಗುವುದಿಲ್ಲ, ಗಟ್ಟಿ ಬಿಸ್ಕತ್ತಿನ ಹಾಗೆ ಆಗುತ್ತದೆ. ಹಿಟ್ಟು ಉದುರುದುರಾಗಿದ್ದು ಕೂಡಿಕೊಳ್ಳದಿದ್ದಾಗ ಎರಡು ಚಮಚ ಹಾಲು ಸೇರಿಸಿ ಚೆನ್ನಾಗಿ ನಾದುತ್ತೇನೆ. ತಪ್ಪು ಅಲ್ಲಿಯೇ ಇದೆಯೇ?

ಉತ್ತರ: ಹೌದು, ಹಾಲು ಸೇರಿಸಿದ್ದು ಒಂದು, ನಾದಿದ್ದು ಇನ್ನೊಂದು, ಎರಡೂ ಸೇರಿ ಗಟ್ಟಿಯಾಗಿದೆ. ಮೈದಾದಲ್ಲಿರುವ ಎರಡು ಬಗೆಯ ಪ್ರೋಟೀನ್‌ಗಳು ನೀರು ತಾಗಿದ ಕೂಡಲೇ ಒಂದಕ್ಕೊಂದು ಹೆಣೆದುಕೊಂಡು ಗ್ಲುಟನ್ ಎಂಬ ಜಾಲವಾಗುತ್ತವೆ, ನಾದಿದಷ್ಟೂ ಆ ಜಾಲ ಬಿಗಿಯಾಗುತ್ತದೆ. ಬ್ರೆಡ್ಡಿಗೆ ಬೇಕಾದ ಈ ಬಿಗಿ ಶಾರ್ಟ್‌ಬ್ರೆಡ್ಡಿಗೆ ಬೇಡ. ಇಲ್ಲಿ ಬೆಣ್ಣೆ ಮೊದಲೇ ಹಿಟ್ಟಿನ ಕಣಗಳಿಗೆ ಲೇಪವಾಗಿ, ನೀರು ಅವುಗಳನ್ನು ಮುಟ್ಟದಂತೆ ತಡೆಯಬೇಕು. ಬೆಣ್ಣೆಯಲ್ಲಿ ಶೇಕಡಾ 80ರಷ್ಟು ಕೊಬ್ಬಿದ್ದರೆ ಶೇಕಡಾ 16ರಷ್ಟು ನೀರು ಹೇಗೂ ಇರುತ್ತದೆ, ಹಿಟ್ಟು ಕೂಡಿಕೊಳ್ಳಲು ಅಷ್ಟು ನೀರೇ ಸಾಕು. ಹಾಲು, ಮೊಟ್ಟೆ, ಬೇಕಿಂಗ್ ಪೌಡರ್ ಇವುಗಳಲ್ಲಿ ಯಾವುದಕ್ಕೂ ಇಲ್ಲಿ ಕೆಲಸವಿಲ್ಲ. ಸ್ಕಾಟ್ಲೆಂಡಿನಲ್ಲಿ ರೂಢಿಯಾಗಿ ಬಂದಿರುವ ಅಳತೆ ಒಂದು ಭಾಗ ಸಕ್ಕರೆ, ಎರಡು ಭಾಗ ಬೆಣ್ಣೆ, ಮೂರು ಭಾಗ ಹಿಟ್ಟು; ಮೇಲೆ ಕೊಟ್ಟಿರುವ ಲೆಕ್ಕವೂ ಅದೇ.

ಬೆಣ್ಣೆ ಬೆರಳಿನಿಂದ ಒತ್ತಿದರೆ ಗುಳಿ ಬೀಳುವಷ್ಟು ಮೆತ್ತಗಿರಬೇಕು, ಆದರೆ ಕರಗಿ ಹೊಳೆಯಬಾರದು. ಅದಕ್ಕೆ ಸಕ್ಕರೆ ಸೇರಿಸಿ, ಬಣ್ಣ ತುಸು ತಿಳಿಯಾಗುವವರೆಗೆ ಮಾತ್ರ ಕಲಸಿ, ಅನಂತರ ಜರಡಿ ಹಿಡಿದ ಮೈದಾವನ್ನು ಹಾಕಿ ಬೆರಳ ತುದಿಗಳಿಂದ ಉಜ್ಜುತ್ತ ಬನ್ನಿ. ಮೊದಲು ಅದು ರವೆಯ ಹಾಗೆ ಕಾಣುತ್ತದೆ, ಆಗಲೇ ಎಲ್ಲರೂ ಗಾಬರಿಯಾಗಿ ಹಾಲಿಗೆ ಕೈ ಹಾಕುವುದು. ಇನ್ನೆರಡು ನಿಮಿಷ ತಾಳಿದರೆ ಕೈಯ ಬಿಸಿಗೆ ಬೆಣ್ಣೆ ಇಳಿದು, ಮುಷ್ಟಿಯಲ್ಲಿ ಒತ್ತಿದಾಗ ಹಿಟ್ಟು ಉಂಡೆಯಾಗಿ ನಿಲ್ಲುತ್ತದೆ. ಅಷ್ಟಾದರೆ ಸಾಕು, ಅದನ್ನು ಹಾಗೆಯೇ ಬೇಕಿಂಗ್ ಕಾಗದ ಹಾಸಿದ ಟ್ರೇಯಲ್ಲಿ ಹರಡಿ, ಬಟ್ಟಲಿನ ತಳದಿಂದ ಸಮನಾಗಿ ಒತ್ತಿ, ಫೋರ್ಕಿನಿಂದ ತಳದವರೆಗೆ ಚುಚ್ಚಿ, ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಚುಚ್ಚುವುದು ಅಲಂಕಾರಕ್ಕಲ್ಲ; ಬೇಯುವಾಗ ಏಳುವ ಆವಿ ಆ ರಂಧ್ರಗಳಿಂದ ಹೊರಹೋಗದಿದ್ದರೆ ಪದರ ಅಲ್ಲಲ್ಲಿ ಉಬ್ಬಿ, ಅದರ ಮೇಲೆ ಸುರಿದ ಕ್ಯಾರಮೆಲ್ ಒಂದೆಡೆ ತೆಳುವಾಗಿ ಇನ್ನೊಂದೆಡೆ ದಪ್ಪವಾಗಿ ನಿಲ್ಲುತ್ತದೆ. ಅನಂತರ 160 ಡಿಗ್ರಿ ಸೆಲ್ಸಿಯಸ್‌ನಲ್ಲಿ 30ರಿಂದ 35 ನಿಮಿಷ, ಅಂಚು ಹೊಂಬಣ್ಣಕ್ಕೆ ತಿರುಗಿ ನಡುಭಾಗ ಒಣಗಿದಂತೆ ಕಾಣುವವರೆಗೆ ಬೇಯಿಸಿ. ಓವನ್‌ನಿಂದ ತೆಗೆದಾಗ ಮೆತ್ತಗಿದ್ದರೆ ಬೆಂದಿಲ್ಲವೆಂದು ಮತ್ತೆ ಒಳಗಿಡಬೇಡಿ, ತಣಿಯುತ್ತ ತಾನಾಗಿ ಗಟ್ಟಿಯಾಗುತ್ತದೆ.

ಒಂದು ಸಣ್ಣ ಸಲಹೆ: ಮೈದಾದಲ್ಲಿ 25 ಗ್ರಾಂ ತೆಗೆದು ಅಷ್ಟೇ ತೂಕದ ನುಣ್ಣನೆಯ ಅಕ್ಕಿ ಹಿಟ್ಟನ್ನು ಸೇರಿಸಿದರೆ, ಅಕ್ಕಿಯಲ್ಲಿ ಗ್ಲುಟನ್ ಇಲ್ಲದ ಕಾರಣ, ಕಚ್ಚಿದಾಗ ಮರಳಿನಂತೆ ಹುಡಿಯಾಗುವ ಗುಣ ಹೆಚ್ಚುತ್ತದೆ. ಅದಕ್ಕಿಂತ ಹೆಚ್ಚು ಹಾಕಿದರೆ ತುಂಡುಗಳು ಕೈಯಲ್ಲೇ ಮುರಿಯುತ್ತವೆ, ಹಂಚುವ ತಿನಿಸಿಗೆ ಅದು ಆಗದು.

ಪ್ರಶ್ನೆ: ಕ್ಯಾರಮೆಲ್ ಒಮ್ಮೆ ತೆಳ್ಳಗಾಗಿ ಬದಿಯಿಂದ ಇಳಿದುಹೋಗುತ್ತದೆ, ಇನ್ನೊಮ್ಮೆ ಹಲ್ಲಿಗೆ ಅಂಟುವಷ್ಟು ಗಟ್ಟಿಯಾಗುತ್ತದೆ. ಪಾಕವಿಧಾನಗಳಲ್ಲಿ ‘ಹತ್ತು ನಿಮಿಷ ಕುದಿಸಿ’ ಎಂದಷ್ಟೇ ಇರುತ್ತದೆ. ಗಡಿಯಾರ ನೋಡಿ ಮಾಡಿದರೂ ಪ್ರತಿ ಸಲ ಬೇರೆ ಬೇರೆಯಾಗಿ ಬರುವುದೇಕೆ?

ಉತ್ತರ: ಕ್ಯಾರಮೆಲ್‌ನ ಹದವನ್ನು ತೀರ್ಮಾನಿಸುವುದು ಅದರಲ್ಲಿ ಉಳಿದಿರುವ ನೀರಿನ ಪ್ರಮಾಣ. ಅಗಲವಾದ ಪಾತ್ರೆಯಲ್ಲಿ ನೀರು ಬೇಗ ಆವಿಯಾಗುತ್ತದೆ, ಕಿರಿದಾದ ಪಾತ್ರೆಯಲ್ಲಿ ತಡವಾಗುತ್ತದೆ. ಉರಿ ಹೆಚ್ಚು ಕಡಿಮೆಯಾದರೂ ಹಾಗೆಯೇ. ಆದ್ದರಿಂದ ನಿಮಿಷಗಳ ಲೆಕ್ಕ ಬರೆದವರ ಅಡುಗೆಮನೆಗೆ ಸರಿ, ನಿಮ್ಮದಕ್ಕೆ ಸರಿಯಾಗಬೇಕೆಂದಿಲ್ಲ. ನೀರು ಕಡಿಮೆಯಾದಂತೆ ಕುದಿಯುವ ಪಾಕದ ಉಷ್ಣತೆ ಏರುತ್ತ ಹೋಗುವುದರಿಂದ, ಅದನ್ನು ಉಷ್ಣಮಾಪಕದಿಂದ ನೋಡುವುದೇ ನಂಬಬಹುದಾದ ದಾರಿ. ಶಾರ್ಟ್‌ಬ್ರೆಡ್ಡಿನ ಮೇಲೆ ಪದರವಾಗಿ ನಿಂತು, ಕಚ್ಚಿದಾಗ ಮೆತ್ತಗಿರಬೇಕಾದರೆ 112ರಿಂದ 115 ಡಿಗ್ರಿ ಸೆಲ್ಸಿಯಸ್ ಸಾಕು. 118ರಿಂದ 120ಕ್ಕೆ ತಲುಪಿದರೆ ಅದು ಕಾಗದದಲ್ಲಿ ಸುತ್ತಿಡುವ ಅಗಿಯುವ ಮಿಠಾಯಿಯಾಗುತ್ತದೆ, ಅದನ್ನೂ ದಾಟಿದರೆ ಪದರವನ್ನು ಕತ್ತರಿಸುವಾಗ ಅಡಿಯ ಶಾರ್ಟ್‌ಬ್ರೆಡ್ ಪುಡಿಯಾಗುತ್ತದೆ.

ಉಷ್ಣಮಾಪಕ ಇಲ್ಲದವರಿಗೆ ನಮ್ಮ ಪಾಕಪರೀಕ್ಷೆಯೇ ಇದೆ. ತಣ್ಣೀರಿನ ಬಟ್ಟಲಿಗೆ ಅರ್ಧ ಚಮಚ ಪಾಕವನ್ನು ಬಿಟ್ಟಾಗ ಅದು ಕರಗಿ ಹರಡಿದರೆ ಇನ್ನೂ ಕುದಿಯಬೇಕು. ಬೆರಳಿನಿಂದ ಕೂಡಿಸಿದಾಗ ಮೆತ್ತನೆಯ ಉಂಡೆಯಾಗಿ, ನೀರಿನಿಂದ ಎತ್ತಿದ ಮೇಲೆ ನಿಧಾನವಾಗಿ ಚಪ್ಪಟೆಯಾದರೆ ನಮಗೆ ಬೇಕಾದ ಉಂಡೆ ಪಾಕ ಬಂದಿದೆ. ಎತ್ತಿದ ಮೇಲೂ ಉಂಡೆ ಗುಂಡಗೇ ನಿಂತರೆ ಹದ ಮೀರುತ್ತಿದೆ. ಪರೀಕ್ಷೆ ಮಾಡುವಾಗ ಪಾತ್ರೆಯನ್ನು ಒಲೆಯಿಂದ ಇಳಿಸಿಡುವುದನ್ನು ಮರೆಯಬೇಡಿ. ಎತ್ತರದ ಪ್ರದೇಶದಲ್ಲಿರುವವರು ಇನ್ನೊಂದನ್ನು ನೋಡಿಕೊಳ್ಳಬೇಕು: ಸಮುದ್ರಮಟ್ಟದಿಂದ ಸುಮಾರು 300 ಮೀಟರ್ ಏರಿದಂತೆ ನೀರು ಕುದಿಯುವ ಉಷ್ಣತೆ ಒಂದು ಡಿಗ್ರಿಯಷ್ಟು ಇಳಿಯುತ್ತದೆ. ನಿಮ್ಮ ಉಷ್ಣಮಾಪಕವನ್ನು ಕುದಿಯುವ ನೀರಿನಲ್ಲಿ ಅದ್ದಿದಾಗ ಅದು 97 ತೋರಿಸಿದರೆ, ಕ್ಯಾರಮೆಲ್‌ನ ಗುರಿಯಿಂದಲೂ ಮೂರು ಡಿಗ್ರಿ ಕಳೆಯಿರಿ.

ಮಾಡುವ ಕ್ರಮ ಹೀಗಿದೆ. ದಪ್ಪ ತಳದ ಪಾತ್ರೆಯಲ್ಲಿ ಬೆಣ್ಣೆ, ಕಂದು ಸಕ್ಕರೆ ಮತ್ತು ಲಿಕ್ವಿಡ್ ಗ್ಲೂಕೋಸನ್ನು ಸಣ್ಣ ಉರಿಯಲ್ಲಿ, ಸಕ್ಕರೆಯ ಒಂದು ಹರಳೂ ಉಳಿಯದಂತೆ ಕರಗಿಸಿಕೊಳ್ಳಿ. ಹರಳು ಉಳಿದರೆ ತಣಿಯುವಾಗ ಅದರ ಸುತ್ತ ಮತ್ತಷ್ಟು ಹರಳುಗಳು ಕಟ್ಟಿ, ಕ್ಯಾರಮೆಲ್ ನಾಲಿಗೆಗೆ ತರಿತರಿಯಾಗುತ್ತದೆ. ಗ್ಲೂಕೋಸ್ ಸೇರಿಸುವುದೂ ಈ ಹರಳುಗಟ್ಟುವಿಕೆಯನ್ನು ತಡೆಯುವುದಕ್ಕೇ. ಪಾತ್ರೆಯ ಬದಿಗೆ ಸಕ್ಕರೆ ಅಂಟಿದ್ದರೆ ಒದ್ದೆ ಬ್ರಷ್ಷಿನಿಂದ ಒಳಕ್ಕೆ ತೊಳೆದುಬಿಡಿ. ಅನಂತರ ಕಂಡೆನ್ಸ್ಡ್ ಮಿಲ್ಕ್ ಸುರಿದು, ಮಧ್ಯಮಕ್ಕಿಂತ ಕಡಿಮೆ ಉರಿಯಲ್ಲಿ, ಚಪ್ಪಟೆ ಸಟ್ಟುಗದಿಂದ ಪಾತ್ರೆಯ ಮೂಲೆಗಳನ್ನೂ ತಳವನ್ನೂ ಕೆರೆಯುತ್ತ, ಕೈ ಬಿಡದೆ ಮಗುಚಬೇಕು. ಹಾಲಿನ ಪ್ರೋಟೀನ್ ಮತ್ತು ಸಕ್ಕರೆಗಳು ಬಿಸಿಯಲ್ಲಿ ಸೇರಿ ಆ ಹೊಂಗಂದು ಬಣ್ಣವನ್ನೂ ಪರಿಮಳವನ್ನೂ ಕೊಡುತ್ತವೆ, ಆದರೆ ಅದೇ ಪ್ರೋಟೀನ್ ಅರೆನಿಮಿಷ ಬಿಟ್ಟರೂ ತಳ ಹಿಡಿದು ಸೀಯುತ್ತದೆ. ಒಂದು ವೇಳೆ ಕಂದು ಚೂರುಗಳು ಮೇಲೆ ಬರತೊಡಗಿದರೆ ತಳವನ್ನು ಕೆರೆಯುವುದನ್ನು ನಿಲ್ಲಿಸಿ, ಮೇಲಿನ ಭಾಗವನ್ನು ಮಾತ್ರ ಬೇರೆ ಪಾತ್ರೆಗೆ ಸುರಿದು ಮುಂದುವರಿಸಿ.

ಬೆಣ್ಣೆ ಬೇರ್ಪಟ್ಟು ಎಣ್ಣೆಯಂತೆ ಮೇಲೆ ತೇಲಿತೆಂದು ಇನ್ನೊಬ್ಬರು ಬರೆದಿದ್ದಾರೆ. ಉರಿ ಒಮ್ಮೆಲೇ ಹೆಚ್ಚಾದಾಗ ಅಥವಾ ಮಗುಚುವುದನ್ನು ನಿಲ್ಲಿಸಿದಾಗ ಹೀಗಾಗುತ್ತದೆ. ಉರಿ ತಗ್ಗಿಸಿ, ಒಂದೆರಡು ಚಮಚ ಬಿಸಿನೀರು ಹಾಕಿ ಬಿರುಸಾಗಿ ಕಲಕಿದರೆ ಸಾಮಾನ್ಯವಾಗಿ ಮತ್ತೆ ಕೂಡಿಕೊಳ್ಳುತ್ತದೆ, ಹಾಕಿದ ನೀರು ಆರುವವರೆಗೆ ಇನ್ನಷ್ಟು ಕುದಿಸಿದರಾಯಿತು.

ಕಂಡೆನ್ಸ್ಡ್ ಮಿಲ್ಕಿನ ಮುಚ್ಚಿದ ಡಬ್ಬಿಯನ್ನೇ ನೀರಿನಲ್ಲಿ ಗಂಟೆಗಟ್ಟಲೆ ಕುದಿಸಿ ಕ್ಯಾರಮೆಲ್ ಮಾಡುವ ಸುಲಭೋಪಾಯವನ್ನು ಯಾರಾದರೂ ಹೇಳಿಕೊಟ್ಟರೆ ದಯವಿಟ್ಟು ಕೇಳಬೇಡಿ. ನೀರು ಆರಿಹೋದರೆ ಒಳಗಿನ ಒತ್ತಡಕ್ಕೆ ಡಬ್ಬಿ ಸಿಡಿಯುತ್ತದೆ. ತೆರೆದ ಪಾತ್ರೆಯಲ್ಲಿಯೂ ಎಚ್ಚರ ಬೇಕು, ಏಕೆಂದರೆ ಕುದಿಯುವ ಸಕ್ಕರೆ ನೀರಿಗಿಂತ ಹೆಚ್ಚು ಬಿಸಿಯಾಗಿರುವುದಲ್ಲದೆ ಚರ್ಮಕ್ಕೆ ಅಂಟಿಕೊಂಡು ಬಿಡುವುದಿಲ್ಲ. ಸಿಡಿದರೆ ಒರೆಸಲು ಹೋಗದೆ, ಆ ಭಾಗವನ್ನು ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಕ್ಯಾರಮೆಲ್ ಮಾಡುವ ಹೊತ್ತಿನಲ್ಲಿ ಮಕ್ಕಳಿಗೆ ಅಡುಗೆಮನೆಯಲ್ಲಿ ಬೇರೆ ಕೆಲಸ ಕೊಡದಿರುವುದೇ ಮೇಲು.

ಪ್ರಶ್ನೆ: ಉಪ್ಪು ಬೆರೆತ ಬೆಣ್ಣೆಯನ್ನೇ ಬಳಸಬಹುದೇ?

ಉತ್ತರ: ಬಳಸಬಹುದು. ಹಾಗೆ ಮಾಡಿದಾಗ ಕ್ಯಾರಮೆಲ್‌ಗೆ ಬೇರೆ ಉಪ್ಪು ಹಾಕದೆ, ಕೊನೆಗೆ ರುಚಿ ನೋಡಿ ನಿರ್ಧರಿಸಿ. ಉಪ್ಪೇ ಇಲ್ಲದ ಕ್ಯಾರಮೆಲ್ ಮಾತ್ರ ಬೇಡ. ಅದು ಬರಿಯ ಸಿಹಿಯಾಗಿ ಎರಡನೆಯ ತುತ್ತಿಗೇ ಸಾಕೆನಿಸುತ್ತದೆ.

ಪ್ರಶ್ನೆ: ಮಾಡಿದ ದಿನ ಗರಿಗರಿಯಾಗಿದ್ದ ತಳದ ಪದರ ಮೂರನೆಯ ದಿನಕ್ಕೆ ಮೆತ್ತಗಾಗುತ್ತದೆ. ಡಬ್ಬಿಯನ್ನು ಬಿಗಿಯಾಗಿ ಮುಚ್ಚಿದ್ದರೂ ಹೀಗೇಕೆ?

ಉತ್ತರ: ಡಬ್ಬಿಯ ಹೊರಗಿನ ಗಾಳಿಯನ್ನು ನೀವು ತಡೆದಿದ್ದೀರಿ, ಆದರೆ ತೇವ ಬರುತ್ತಿರುವುದು ಒಳಗಿನಿಂದಲೇ. ಕ್ಯಾರಮೆಲ್‌ನಲ್ಲಿ ನೀರಿನಂಶ ಹೆಚ್ಚು, ಬೆಂದ ಶಾರ್ಟ್‌ಬ್ರೆಡ್‌ನಲ್ಲಿ ತೀರಾ ಕಡಿಮೆ. ಎರಡನ್ನೂ ಒಂದರ ಮೇಲೊಂದು ಇಟ್ಟಾಗ ತೇವ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ನಿಧಾನವಾಗಿ ಸರಿಯುತ್ತದೆ. ಇದನ್ನು ಪೂರ್ತಿಯಾಗಿ ನಿಲ್ಲಿಸಲಾಗದಿದ್ದರೂ ತಡಮಾಡಬಹುದು. ತಳವನ್ನು ಸರಿಯಾಗಿ ಒಣಗುವವರೆಗೆ ಬೇಯಿಸುವುದು ಮೊದಲನೆಯದು. ಬಿಳಿಚಿಕೊಂಡಿರುವಾಗಲೇ ತೆಗೆದ ಪದರ ಬೇಗ ಸೋಲುತ್ತದೆ. ಎರಡನೆಯದಾಗಿ, ಪೂರ್ತಿ ತಣಿದ ಶಾರ್ಟ್‌ಬ್ರೆಡ್ಡಿನ ಮೇಲೆ 40 ಗ್ರಾಂನಷ್ಟು ಕರಗಿದ ಚಾಕೊಲೇಟನ್ನು ಬ್ರಷ್ಷಿನಿಂದ ತೆಳುವಾಗಿ ಬಳಿದು, ಅದು ಗಟ್ಟಿಯಾದ ಬಳಿಕ ಕ್ಯಾರಮೆಲ್ ಸುರಿಯಿರಿ. ಚಾಕೊಲೇಟಿನಲ್ಲಿರುವ ಕೊಕೊ ಬೆಣ್ಣೆ ನೀರನ್ನು ಒಳಬಿಡದ ಪೊರೆಯಂತೆ ಕೆಲಸ ಮಾಡುತ್ತದೆ. ಆದರೆ ಕುದಿಯುವ ಕ್ಯಾರಮೆಲ್ ಸುರಿದರೆ ಆ ಪೊರೆಯೇ ಕರಗಿಹೋಗುವುದರಿಂದ, ಕ್ಯಾರಮೆಲ್ಲನ್ನು ಹರಡಲು ಆಗುವಷ್ಟು ಮಾತ್ರ ಬೆಚ್ಚಗಿರುವಾಗ ಹಾಕಬೇಕು. ಎರಡು ದಿನದೊಳಗೆ ಹಂಚಿ ಮುಗಿಯುವುದಾದರೆ ಈ ಕಷ್ಟವೇ ಬೇಡ.

ಪ್ರಶ್ನೆ: ಮೇಲಿನ ಚಾಕೊಲೇಟ್ ಮರುದಿನ ಬೂದುಬಣ್ಣಕ್ಕೆ ತಿರುಗಿ, ಬಿಳಿಯ ಗೆರೆಗಳು ಮೂಡಿದವು. ಬೂಷ್ಟು ಹಿಡಿದಿದೆಯೆಂದು ಹೆದರಿ ಎಲ್ಲವನ್ನೂ ಎಸೆದೆ. ಹಾಗೆ ಮಾಡಬೇಕಿತ್ತೇ?

ಉತ್ತರ: ಎಸೆಯಬೇಕಿರಲಿಲ್ಲ. ಮರುದಿನವೇ ಕಂಡ ಆ ಗೆರೆಗಳು ಬೂಷ್ಟಲ್ಲ, ಮೇಲ್ಮೈಗೆ ಬಂದು ಮತ್ತೆ ಹರಳುಗಟ್ಟಿದ ಕೊಕೊ ಬೆಣ್ಣೆ. ತಿನ್ನಲು ಅಡ್ಡಿಯಿಲ್ಲ, ಕೊಡುವವರಿಗೆ ಮಾತ್ರ ಸಂಕೋಚ. ಕೊಕೊ ಬೆಣ್ಣೆ ಆರು ಬೇರೆ ಬೇರೆ ರೂಪಗಳಲ್ಲಿ ಹರಳುಗಟ್ಟಬಲ್ಲದು, ಅವುಗಳಲ್ಲಿ ಐದನೆಯದೆಂದು ಗುರುತಿಸುವ ರೂಪ ಮಾತ್ರ ಹೊಳಪನ್ನೂ, ಮುರಿದಾಗ ‘ಟಕ್’ ಎನ್ನುವ ಬಿಗಿಯನ್ನೂ ಕೊಟ್ಟು, ಸುಮಾರು 34 ಡಿಗ್ರಿಯಲ್ಲಿ, ಅಂದರೆ ಬಾಯಿಯ ಬಿಸಿಗೆ, ಕರಗುತ್ತದೆ. ಚಾಕೊಲೇಟನ್ನು ಸುಮ್ಮನೆ ಕರಗಿಸಿ ಸುರಿದಾಗ ಅಸ್ಥಿರವಾದ ರೂಪಗಳು ಕಟ್ಟಿಕೊಂಡು, ಅನಂತರ ಅವು ಬದಲಾಗುತ್ತ ಹೋದಂತೆ ಮೇಲ್ಮೈ ಬೂದಾಗುತ್ತದೆ. ಇದನ್ನು ತಪ್ಪಿಸಲು ಮಾಡುವ ಕೆಲಸಕ್ಕೆ ಟೆಂಪರಿಂಗ್ ಎನ್ನುತ್ತಾರೆ.

ಮನೆಯಲ್ಲಿ ಮಾಡಲು ಸುಲಭವಾದ ದಾರಿಯೆಂದರೆ, ಕತ್ತರಿಸಿದ ಚಾಕೊಲೇಟಿನಲ್ಲಿ ಮೂರನೆಯ ಒಂದು ಭಾಗವನ್ನು ತೆಗೆದಿಟ್ಟು, ಉಳಿದುದನ್ನು ಬಿಸಿನೀರಿನ ಪಾತ್ರೆಯ ಮೇಲಿಟ್ಟ ಬಟ್ಟಲಿನಲ್ಲಿ 45 ಡಿಗ್ರಿಯವರೆಗೆ ಕರಗಿಸಿ, ಕೆಳಗಿಳಿಸಿ, ತೆಗೆದಿಟ್ಟ ಚೂರುಗಳನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತ ಕಲಕುವುದು. ಆ ಚೂರುಗಳಲ್ಲಿ ಸರಿಯಾದ ಹರಳುಗಳು ಮೊದಲೇ ಇರುವುದರಿಂದ ಅವು ಉಳಿದುದಕ್ಕೆ ಹೆಪ್ಪಿನಂತಾಗುತ್ತವೆ. ಕಪ್ಪು ಚಾಕೊಲೇಟ್ 31ರಿಂದ 32 ಡಿಗ್ರಿಗೂ, ಹಾಲಿನ ಚಾಕೊಲೇಟ್ 29ರಿಂದ 30 ಡಿಗ್ರಿಗೂ ಇಳಿದಾಗ ಬಳಸಬಹುದು. ಚಾಕುವಿನ ತುದಿಗೆ ಒಂದಿಷ್ಟು ಸವರಿ ನೋಡಿ. ತಂಪಾದ ಕೋಣೆಯಲ್ಲಿ ಐದು ನಿಮಿಷದೊಳಗೆ ಅದು ಹೊಳಪಿನೊಂದಿಗೆ ಗಟ್ಟಿಯಾದರೆ ಸರಿಯಾಗಿದೆ. ಬಟ್ಟಲಿಗೆ ಒಂದು ಹನಿ ನೀರು ಅಥವಾ ಆವಿ ಬಿದ್ದರೂ ಚಾಕೊಲೇಟ್ ಗಂಟುಗಂಟಾಗುವುದರಿಂದ ಸಟ್ಟುಗವೂ ಬಟ್ಟಲೂ ಒಣಗಿರಲಿ. ಹಾಗೆ ಗಂಟಾದುದನ್ನು ಬಿಸಿ ಕೆನೆ ಸೇರಿಸಿ ಸಾಸ್ ಮಾಡಿಕೊಳ್ಳಬಹುದೇ ಹೊರತು ಮೇಲಿನ ಪದರಕ್ಕೆ ಬಳಸಲಾಗದು.

ಕಾಂಪೌಂಡ್ ಚಾಕೊಲೇಟಿನಲ್ಲಿ ಕೊಕೊ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಇರುವುದರಿಂದ ಟೆಂಪರಿಂಗ್ ಬೇಕಾಗುವುದಿಲ್ಲ, ಸೆಕೆಯಲ್ಲಿಯೂ ಅದು ಬೇಗ ಕರಗುವುದಿಲ್ಲ. ಬಿಸಿಲಿನಲ್ಲಿ ದೂರ ಒಯ್ಯಬೇಕಾದವರು ಅದನ್ನು ಬಳಸಿದರೆ ನಾನು ಆಕ್ಷೇಪಿಸುವುದಿಲ್ಲ, ಆದರೆ ಬಾಯಿಯಲ್ಲಿಯೂ ಅದು ಅಷ್ಟೇ ಮೊಂಡು ಎಂಬುದನ್ನು ಹೇಳದೆ ಇರಲಾರೆ. ಕ್ಯಾರಮೆಲ್‌ನ ಸಿಹಿಯ ಮೇಲೆ ಹಾಲಿನ ಚಾಕೊಲೇಟಿನ ಸಿಹಿಯನ್ನೂ ಹೇರುವುದು ನನಗೆ ಹಿಡಿಸುವುದಿಲ್ಲ. ಶೇಕಡಾ 55ರಿಂದ 60ರಷ್ಟು ಕೊಕೊ ಇರುವ ಕಪ್ಪು ಚಾಕೊಲೇಟಿನ ಕಹಿಯೇ ಇಲ್ಲಿ ಎಲ್ಲವನ್ನೂ ಹಿಡಿತದಲ್ಲಿಡುತ್ತದೆ.

ಪ್ರಶ್ನೆ: ಬೀಜಗಳನ್ನು ಹುರಿಯಲೇಬೇಕೇ? ಹಿಟ್ಟಿಗೆ ಸೇರಿಸಬೇಕೇ, ಕ್ಯಾರಮೆಲ್‌ಗೆ ಸೇರಿಸಬೇಕೇ, ಅಥವಾ ಮೇಲೆ ಉದುರಿಸಬೇಕೇ?

ಉತ್ತರ: ಹುರಿಯಲೇಬೇಕು. ಹಸಿ ಬೀಜದಲ್ಲಿರುವ ಸ್ವಲ್ಪ ತೇವ ಹೋಗಿ ಗರಿಗರಿಯಾಗುವುದೂ, ಪರಿಮಳ ಹೊರಡುವುದೂ ಹುರಿದಾಗಲೇ. ಓವನ್‌ನಲ್ಲಿ 160 ಡಿಗ್ರಿಯಲ್ಲಿ 8ರಿಂದ 12 ನಿಮಿಷ ಸಾಕು, ಅಕ್ರೋಟು ಬೇಗ, ಇಡೀ ಬಾದಾಮಿ ತಡವಾಗಿ ಹುರಿಯುತ್ತದೆ. ಒಂದು ಬೀಜವನ್ನು ಮುರಿದು ಒಳಗಿನ ಬಣ್ಣ ನೋಡಿ ನಿಲ್ಲಿಸಿ. ಅಕ್ರೋಟಿನ ಸಿಪ್ಪೆ ಕಹಿಯಾದ್ದರಿಂದ, ಬಿಸಿಯಿರುವಾಗಲೇ ಬಟ್ಟೆಯಲ್ಲಿ ಹಾಕಿ ಉಜ್ಜಿ ತೆಗೆಯುವುದು ಒಳ್ಳೆಯದು. ಹುರಿಯುವ ಮೊದಲು ಒಂದನ್ನು ಬಾಯಿಗೆ ಹಾಕಿಕೊಳ್ಳಿ; ಕಮಟು ಬಂದಿದ್ದರೆ ಹುರಿದರೂ ಅದು ಹೋಗುವುದಿಲ್ಲ, ಒಂದು ಹಿಡಿ ಕಮಟು ಬೀಜ ಇಡೀ ಟ್ರೇಯನ್ನು ಕೆಡಿಸುತ್ತದೆ. ಅಕ್ರೋಟು ಮತ್ತು ಪೆಕಾನ್‌ಗಳಿಗೆ ಈ ದೋಷ ಬೇಗ ತಗಲುತ್ತದೆ, ಆದ್ದರಿಂದ ಅವುಗಳನ್ನು ಫ್ರೀಜರಿನಲ್ಲಿಟ್ಟು ಬಳಸಿ.

ಸೇರಿಸುವ ಜಾಗದ ಬಗ್ಗೆ ನನ್ನ ಅಭಿಪ್ರಾಯ ಕ್ಯಾರಮೆಲ್‌ನ ಕಡೆಗಿದೆ. ಕಡಲೆ ಗಾತ್ರಕ್ಕೆ ಕತ್ತರಿಸಿದ ಬೀಜಗಳನ್ನು, ಕ್ಯಾರಮೆಲ್ ಹದಕ್ಕೆ ಬಂದು ಒಲೆಯಿಂದ ಇಳಿಸಿದ ಕೂಡಲೇ, ಬೆಚ್ಚಗಿರುವಂತೆಯೇ ಬೆರೆಸಬೇಕು. ತಣ್ಣನೆಯ ಬೀಜಗಳನ್ನು ಹಾಕಿದರೆ ಕ್ಯಾರಮೆಲ್ ಅವುಗಳ ಸುತ್ತ ಬಿಗಿದುಕೊಂಡು ಸಮನಾಗಿ ಹರಡುವುದಿಲ್ಲ. ಇಡೀ ಬೀಜಗಳು ಚಾಕುವಿಗೆ ಸಿಕ್ಕು ತುಂಡನ್ನು ಸೀಳುತ್ತವೆ. ಚಾಕೊಲೇಟಿನ ಮೇಲೆ ಉದುರಿಸಿದವು ನೋಡಲು ಚೆಂದ, ಆದರೆ ಸಾಗಿಸುವಾಗ ಅರ್ಧದಷ್ಟು ಡಬ್ಬಿಯ ತಳ ಸೇರುತ್ತವೆ.

ಪ್ರಶ್ನೆ: ಕಚೇರಿಯಲ್ಲಿ ಸುಮಾರು 50 ಮಂದಿಗೆ ಹಂಚಬೇಕೆಂದಿದ್ದೇನೆ. ಕೆಲವರು ಮೊಟ್ಟೆ ತಿನ್ನುವುದಿಲ್ಲ, ಒಬ್ಬರಿಗೆ ಬೀಜಗಳ ಅಲರ್ಜಿ ಇದೆಯೆಂದು ಕೇಳಿದ್ದೇನೆ, ಕೆಲವರು ಮಕ್ಕಳಿಗೂ ಒಯ್ಯಬಹುದು. ಎಷ್ಟು ಮಾಡಬೇಕು, ಹೇಗೆ ಮಾಡಬೇಕು?

ಉತ್ತರ: ಮೊಟ್ಟೆಯ ಚಿಂತೆ ಬೇಡ, ಈ ತಿನಿಸಿನಲ್ಲಿ ಅದು ಇಲ್ಲ. ಅಳತೆಯೂ ಸುಲಭ: 20 ಸೆಂಟಿಮೀಟರ್ ಚೌಕದ ಟ್ರೇಯನ್ನು ಆರು ಅಡ್ಡ, ಆರು ಉದ್ದ ಸಾಲುಗಳಾಗಿ ಕತ್ತರಿಸಿದರೆ ತಲಾ ಸುಮಾರು 35 ಗ್ರಾಂನ 36 ತುಂಡುಗಳು ಸಿಗುತ್ತವೆ. 30 ಮತ್ತು 20 ಸೆಂಟಿಮೀಟರ್ ಅಳತೆಯ ಟ್ರೇ ತೆಗೆದುಕೊಂಡು ಎಲ್ಲ ಸಾಮಗ್ರಿಗಳನ್ನೂ ಒಂದೂವರೆ ಪಟ್ಟು ಮಾಡಿದರೆ 54 ತುಂಡುಗಳಾಗುತ್ತವೆ. ಇದಕ್ಕಿಂತ ದೊಡ್ಡ ತುಂಡು ಉದಾರತೆಯಂತೆ ಕಂಡರೂ, ಇಷ್ಟು ಬೆಣ್ಣೆ ಮತ್ತು ಸಕ್ಕರೆ ಇರುವ ತಿನಿಸನ್ನು ಅರ್ಧ ತಿಂದು ಬಿಡುವವರೇ ಹೆಚ್ಚು. ಬೇಕೆನಿಸಿದವರು ಎರಡನೆಯದನ್ನು ಕೇಳಿ ಪಡೆಯಲಿ.

ಅಲರ್ಜಿಯ ವಿಷಯವನ್ನು ಮಾತ್ರ ‘ಕೇಳಿದ್ದೇನೆ’ ಎಂಬಲ್ಲಿಗೆ ಬಿಡದೆ, ಅವರನ್ನೇ ನೇರವಾಗಿ ಕೇಳಿ ತಿಳಿದುಕೊಳ್ಳಿ. ಕಡಲೆಕಾಯಿ ದ್ವಿದಳ ಧಾನ್ಯದ ಜಾತಿಗೆ ಸೇರಿದ್ದು, ಬಾದಾಮಿ, ಗೋಡಂಬಿ, ಅಕ್ರೋಟುಗಳು ಮರದ ಬೀಜಗಳು. ಒಬ್ಬರಿಗೆ ಒಂದು ಆಗದಿರಬಹುದು, ಇನ್ನೊಬ್ಬರಿಗೆ ಎರಡೂ ಆಗದಿರಬಹುದು. ಗೋಡಂಬಿ ಆಗದವರಿಗೆ ಪಿಸ್ತಾ, ಅಕ್ರೋಟು ಆಗದವರಿಗೆ ಪೆಕಾನ್ ಸಾಮಾನ್ಯವಾಗಿ ಆಗಿಬರುವುದಿಲ್ಲ. ತೀವ್ರ ಅಲರ್ಜಿ ಇರುವವರಿಗೆ ಕಣ್ಣಿಗೆ ಕಾಣದಷ್ಟು ಪುಡಿಯೂ ಉಸಿರಾಟದ ತೊಂದರೆ ತಂದು ಪ್ರಾಣಾಪಾಯ ಮಾಡಬಲ್ಲದು, ಹುರಿದರೂ ಬೇಯಿಸಿದರೂ ಆ ಗುಣ ನಾಶವಾಗುವುದಿಲ್ಲ. ಆದ್ದರಿಂದ ಒಂದೇ ಟ್ರೇಯ ಅರ್ಧಕ್ಕೆ ಬೀಜ ಹಾಕಿ ಇನ್ನರ್ಧ ಬಿಡುವುದು, ಅಥವಾ ಮೇಲಿನ ಬೀಜಗಳನ್ನು ಆರಿಸಿ ತೆಗೆದು ಕೊಡುವುದು ಎಂದಿಗೂ ಸಲ್ಲದು.

ಅವರಿಗೂ ಮಾಡಬೇಕೆಂದರೆ, ಬೀಜವಿಲ್ಲದ ಟ್ರೇಯನ್ನು ಮೊದಲು ಮಾಡಿ ಮುಗಿಸಿ, ಬೇರೆ ಡಬ್ಬಿಯಲ್ಲಿ ಮುಚ್ಚಿಟ್ಟ ಮೇಲೆಯೇ ಬೀಜಗಳ ಪೊಟ್ಟಣ ಬಿಚ್ಚಬೇಕು. ಕೈ ಮತ್ತು ಪಾತ್ರೆಗಳನ್ನು ಸಾಬೂನಿನಿಂದ ತೊಳೆಯಬೇಕು. ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡರೆ ಕ್ರಿಮಿ ಸಾಯಬಹುದು, ಬೀಜದ ಪ್ರೋಟೀನ್ ಅಲ್ಲೇ ಇರುತ್ತದೆ. ಚಾಕೊಲೇಟಿನ ಹೊದಿಕೆಯ ಮೇಲೆ ‘ಬೀಜಗಳ ಅಂಶ ಇರಬಹುದು’ ಎಂಬ ಎಚ್ಚರಿಕೆ ಇದೆಯೇ ಎಂದು ನೋಡಲು ಮರೆಯದಿರಿ, ಏಕೆಂದರೆ ಒಂದೇ ಯಂತ್ರದಲ್ಲಿ ಎರಡೂ ಬಗೆ ತಯಾರಾಗುವುದು ಸಾಮಾನ್ಯ. ಇಷ್ಟೆಲ್ಲ ಮಾಡಿದ ಮೇಲೂ ಅವರು ಬೇಡವೆಂದರೆ ಒತ್ತಾಯಿಸಬೇಡಿ. ಮನೆಯಲ್ಲಿ ಮಾಡಿದ ತಿನಿಸನ್ನು ನಿರಾಕರಿಸುವುದು ಅವರಿಗೆ ಮೊದಲೇ ಮುಜುಗರದ ಕೆಲಸ. ಬೀಜದ ಬದಲು ಕರುಕುರು ಬೇಕೆನಿಸಿದರೆ ಹುರಿದ ಕುಂಬಳಬೀಜ ಅಥವಾ ಸೂರ್ಯಕಾಂತಿ ಬೀಜ ಹಾಕಬಹುದು, ಅದನ್ನೂ ಅವರನ್ನು ಕೇಳಿಯೇ.

ಡಬ್ಬಿಯ ಮೇಲೆ ಗೋಧಿ, ಹಾಲು, ಬಳಸಿದ ಬೀಜಗಳ ಹೆಸರು, ಚಾಕೊಲೇಟಿನಲ್ಲಿ ಸಾಮಾನ್ಯವಾಗಿ ಇರುವ ಸೋಯಾ ಮತ್ತು ಮಾಡಿದ ದಿನಾಂಕ ಇಷ್ಟನ್ನು ಬರೆದ ಚೀಟಿ ಅಂಟಿಸಿ. ನೀವು ಪಕ್ಕದಲ್ಲಿ ಇಲ್ಲದಾಗ ಡಬ್ಬಿ ತೆರೆಯುವವರಿಗೆ ಅದೇ ಉತ್ತರ. ಐದು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಇಡೀ ಬೀಜಗಳು ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿದೆ, ಜಿಗುಟಾದ ಕ್ಯಾರಮೆಲ್ ಜೊತೆ ಸೇರಿದಾಗ ಅದು ಇನ್ನೂ ಹೆಚ್ಚು. ಅವರಿಗೆಂದು ಬರಿಯ ಶಾರ್ಟ್‌ಬ್ರೆಡ್ಡಿನ ಕೆಲವು ತುಂಡುಗಳನ್ನು ಬೇರೆ ಇಟ್ಟರೆ ಒಳ್ಳೆಯದು.

ಪ್ರಶ್ನೆ: ಕತ್ತರಿಸುವಾಗ ಚಾಕೊಲೇಟ್ ಬಿರುಕು ಬಿಟ್ಟು, ಕ್ಯಾರಮೆಲ್ ಬದಿಗೆ ಹಿಂಡಿ ಬರುತ್ತದೆ. ಅಂಚೆಯಲ್ಲಿ ಕಳುಹಿಸಬೇಕಾದರೆ ಎಷ್ಟು ದಿನ ಇರುತ್ತದೆ?

ಉತ್ತರ: ಬಿರುಕಿಗೆ ಹೆಚ್ಚಾಗಿ ಫ್ರಿಜ್ಜೇ ಕಾರಣ. ಫ್ರಿಜ್ಜಿನಿಂದ ತೆಗೆದ ಕ್ಯಾರಮೆಲ್ ಮೇಲೆ ಚಾಕೊಲೇಟ್ ಸುರಿದರೂ, ತಣ್ಣಗಿರುವ ಟ್ರೇಯನ್ನೇ ಕತ್ತರಿಸಿದರೂ ಮೇಲಿನ ಪದರ ಒಡೆಯುತ್ತದೆ. ಚಾಕೊಲೇಟ್ ಮುಟ್ಟಿದರೆ ಅಂಟದಷ್ಟು, ಆದರೆ ಒತ್ತಿದರೆ ಬಗ್ಗುವಷ್ಟು ಗಟ್ಟಿಯಾದಾಗ ಮೇಲ್ಭಾಗದಲ್ಲಿ ಮಾತ್ರ ಗೆರೆ ಹಾಕಿಡಿ. ಪೂರ್ತಿ ಗಟ್ಟಿಯಾದ ಮೇಲೆ, ಉದ್ದನೆಯ ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ, ಒರೆಸಿ, ಅದೇ ಗೆರೆಯ ಮೇಲೆ ಎಳೆಯದೆ ನೇರವಾಗಿ ಕೆಳಕ್ಕೆ ಒತ್ತಿ. ಪ್ರತಿ ಸಲವೂ ಒರೆಸಬೇಕು. ಇಷ್ಟಾದರೂ ಕ್ಯಾರಮೆಲ್ ಹಿಂಡಿ ಬಂದರೆ ಅದನ್ನು ಇನ್ನೊಂದೆರಡು ಡಿಗ್ರಿ ಹೆಚ್ಚು ಕುದಿಸಬೇಕಿತ್ತು ಎಂದರ್ಥ.

ಬರಿಯ ಶಾರ್ಟ್‌ಬ್ರೆಡ್ ಗಾಳಿಯಾಡದ ಡಬ್ಬಿಯಲ್ಲಿ ಎರಡು ವಾರ ಆರಾಮವಾಗಿ ಇರುತ್ತದೆ, ಮೂರೂ ಪದರಗಳಿರುವುದು 20 ಡಿಗ್ರಿ ಮೀರದ ತಂಪು ಜಾಗದಲ್ಲಿ ಒಂದು ವಾರ ಚೆನ್ನಾಗಿರುತ್ತದೆ. ಅಂಚೆಗಾಗಿ ಪ್ರತಿ ತುಂಡನ್ನೂ ಬೇಕಿಂಗ್ ಕಾಗದದಲ್ಲಿ ಸುತ್ತಿ, ಗಟ್ಟಿ ಡಬ್ಬಿಯಲ್ಲಿ ಅಲುಗಾಡದಂತೆ ಸಂದುಗಳಿಗೆ ಕಾಗದ ತುರುಕಿ ಇಡಿ. ಸೆಕೆಗಾಲದಲ್ಲಿ ಕಳುಹಿಸಲೇಬೇಕಾದರೆ ಚಾಕೊಲೇಟನ್ನು ಮೇಲೆ ಹಾಕದೆ, ಹಿಟ್ಟಿನಲ್ಲಿ ಚೂರುಗಳಾಗಿ ಬೆರೆಸಿ ಬೇಯಿಸಿದ, ಕ್ಯಾರಮೆಲ್ ಇಲ್ಲದ ಶಾರ್ಟ್‌ಬ್ರೆಡ್ ಕಳುಹಿಸುವುದು ಜಾಣತನ. ಫ್ರಿಜ್ಜಿನಲ್ಲಿಟ್ಟ ಡಬ್ಬಿಯನ್ನು ಹೊರಗೆ ತೆಗೆದ ಕೂಡಲೇ ತೆರೆಯಬೇಡಿ. ಒಳಗಿನ ತಂಪು ಇಳಿಯುವ ಮೊದಲೇ ತೆರೆದರೆ ಗಾಳಿಯ ತೇವ ಚಾಕೊಲೇಟಿನ ಮೇಲೆ ಹನಿಗಟ್ಟಿ, ಅದರಲ್ಲಿ ಕರಗಿದ ಸಕ್ಕರೆ ಒಣಗಿದಾಗ ಒರಟಾದ ಬಿಳಿ ಕಲೆಯಾಗುತ್ತದೆ.

ಪ್ರಶ್ನೆ: ಒಟ್ಟಾರೆ ಸಕ್ಕರೆಯನ್ನು ಅರ್ಧಕ್ಕೆ ಇಳಿಸಬಹುದೇ?

ಉತ್ತರ: ತಳದ ಪದರದಲ್ಲಿ 75 ಗ್ರಾಂ ಇರುವಲ್ಲಿ 50 ಗ್ರಾಂ ಹಾಕಿದರೆ ಹೆಚ್ಚಿನ ಬದಲಾವಣೆ ತಿಳಿಯುವುದಿಲ್ಲ. ಕ್ಯಾರಮೆಲ್‌ನಲ್ಲಿ ಹಾಗೆ ಮಾಡಲಾಗದು, ಅಲ್ಲಿ ಸಕ್ಕರೆಯೇ ಹದವನ್ನು ಕಟ್ಟುವುದು. ಕಡಿಮೆ ಮಾಡಿದರೆ ಪದರ ನಿಲ್ಲುವುದಿಲ್ಲ, ಬೇಗ ಕೆಡಲೂಬಹುದು. ಸಿಹಿ ಕಡಿಮೆ ಬೇಕಾದವರು ಕ್ಯಾರಮೆಲ್‌ನ ಎಲ್ಲ ಸಾಮಗ್ರಿಗಳನ್ನೂ ಒಂದೇ ಸಮನಾಗಿ ಮೂರನೆಯ ಎರಡು ಭಾಗಕ್ಕೆ ಇಳಿಸಿ ಪದರವನ್ನು ತೆಳುವಾಗಿಸಿಕೊಳ್ಳಿ, ಬೀಜಗಳನ್ನು 150 ಗ್ರಾಂಗೆ ಏರಿಸಿ, ಶೇಕಡಾ 70ರಷ್ಟು ಕೊಕೊ ಇರುವ ಚಾಕೊಲೇಟ್ ಬಳಸಿ. ಮಧುಮೇಹ ಇರುವವರಿಗೆ ಇಷ್ಟರಿಂದ ಅದು ಪಥ್ಯದ ತಿನಿಸಾಗುವುದಿಲ್ಲ ಎಂಬುದನ್ನು ಕೊಡುವಾಗಲೇ ತಿಳಿಸಿ.